ಗಣಕದ ಪರದೆಯೂ ನಮ್ಮ ಒತ್ತಕ್ಷರವೂ

ಮನೆಯ ಗಣಕಯಂತ್ರ ಕೆಟ್ಟಿತು ಎಂದು ನಾವು ಹೇಳುವಾಗ ಬಹುಮಟ್ಟಿಗೆ ಹೇಳುತ್ತಿರುವುದು ಅದರ ಪರದೆ ಕೆಟ್ಟಿತು ಎಂದೇ. ಒಳಗಿನ ಲೆಕ್ಕಾಚಾರ ತಪ್ಪಿದರೆ ನಮ್ಮಂಥವರಿಗೆ ಸುಲಭವಾಗಿ ತಿಳಿಯುವುದಿಲ್ಲ. ಆದರೆ ಪರದೆ ಕಪ್ಪಾದರೆ, ಚಿತ್ರ ನಡುಗಿದರೆ, ಬಿಳಿಯ ಹಾಳೆ ಹಳದಿಗೆ ತಿರುಗಿದರೆ, ಕನ್ನಡದ ಅಕ್ಷರಗಳಿರಬೇಕಾದ ಕಡೆ ಚೌಕಗಳ ಸಾಲು ಬಂದು ನಿಂತರೆ ಮನೆಮಂದಿಗೆಲ್ಲ ತಿಳಿಯುತ್ತದೆ. ಈ ಕೊನೆಯ ಕಾಯಿಲೆಯನ್ನು ಹೊರನಾಡಿನ ಕನ್ನಡ ಮನೆಗಳು ಚೆನ್ನಾಗಿಯೇ ಬಲ್ಲವು. ಊರಿನಿಂದ ಅಜ್ಜನೋ ಸೋದರಮಾವನೋ ಕಳಿಸಿದ ಕನ್ನಡ ಕಾಗದ ಹೀಗೆ ಚೌಕಗಳಾಗಿ ಬಂದಾಗ, ಶಾಲೆಯಲ್ಲಿ ಕನ್ನಡವನ್ನೇ ಕಾಣದ ನಮ್ಮ ಮಕ್ಕಳು "ಕನ್ನಡ ಕಂಪ್ಯೂಟರಿಗೆ ಬರೋದಿಲ್ಲ" ಎಂದು ತೀರ್ಮಾನಿಸಿಬಿಡುತ್ತಾರೆ. ತಂದೆತಾಯಿಗಳೂ ಅದನ್ನು ಒಪ್ಪಿಕೊಂಡವರಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಉತ್ತರ ಬರೆದು ಕೈತೊಳೆದುಕೊಳ್ಳುತ್ತಾರೆ. ಈ ತೀರ್ಮಾನ ಎಷ್ಟರಮಟ್ಟಿಗೆ ಸರಿ? ಇದನ್ನು ತಿಳಿಯಬೇಕಾದರೆ ಪರದೆಯ ಮೇಲೆ ಚಿತ್ರ ಮೂಡುವ ಬಗೆಯನ್ನೂ, ಮನೆಗಣಕ ಹುಟ್ಟಿದಂದಿನಿಂದ ಅದು ಕೆಡುತ್ತ ಬಂದ ಬಗೆಗಳನ್ನೂ ಸ್ವಲ್ಪ ನೋಡಬೇಕಾಗುತ್ತದೆ.

ಪರದೆಯ ಚಿತ್ರವೆಂದರೆ ಚುಕ್ಕಿಗಳ ರಂಗೋಲಿ. ಎಷ್ಟು ಸಾಲು, ಸಾಲಿಗೆ ಎಷ್ಟು ಚುಕ್ಕಿ, ಯಾವ ಚುಕ್ಕಿ ಬೆಳಗಬೇಕು, ಯಾವ ಬಣ್ಣದಲ್ಲಿ, ಇದೆಲ್ಲದರ ಲೆಕ್ಕ ಗಣಕದ ಮೆಮೊರಿಯಲ್ಲಿರುತ್ತದೆ. ಹಳೆಯ ಗಾಜಿನ ಪಿಕ್ಚರ್ ಟ್ಯೂಬಿಗೆ ನೆನಪೆಂಬುದಿರಲಿಲ್ಲ. ಬರೆದ ಚಿತ್ರ ಕ್ಷಣಾರ್ಧದಲ್ಲಿ ಮಾಸಿಹೋಗುತ್ತಿತ್ತು. ಆದ್ದರಿಂದ ಸೆಕೆಂಡಿಗೆ ಐವತ್ತು ಅಥವಾ ಅರವತ್ತು ಸಲ ಯಾರಾದರೂ ಆ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಟ್ಯೂಬಿಗೆ ಒಪ್ಪಿಸುತ್ತಲೇ ಇರಬೇಕಾಗಿತ್ತು. ಮೆಮೊರಿ ದುಬಾರಿಯಾಗಿದ್ದ ಕಾಲದಲ್ಲಿ ತಯಾರಕರು ಎಲ್ಲಿ ಕೈ ಬಿಗಿಹಿಡಿದರೋ ಅಲ್ಲಿಯೇ ಚಿತ್ರ ಕೆಡುತ್ತಿತ್ತು. ಈ ಒಂದು ಸೂತ್ರವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕತೆ ಸುಲಭವಾಗುತ್ತದೆ.

1980ರಲ್ಲಿ ಇಂಗ್ಲೆಂಡಿನ ಕ್ಲೈವ್ ಸಿಂಕ್ಲೇರ್ ಅವರ ಸಂಸ್ಥೆ ಝಡ್‌ಎಕ್ಸ್ 80 ಎಂಬ ಪುಟ್ಟ ಗಣಕವನ್ನು ನೂರು ಪೌಂಡಿಗೂ ಕಡಿಮೆ ಬೆಲೆಗೆ ಮಾರತೊಡಗಿತು. ಅದಕ್ಕಿದ್ದ ಮೆಮೊರಿ ಒಂದೇ ಒಂದು ಕಿಲೋಬೈಟ್. ಮಾನಿಟರು ಇರಲಿಲ್ಲ, ಮನೆಯ ಟಿ.ವಿ.ಯ ಆಂಟೆನಾ ಸಿಕ್ಕಿಸುವ ಜಾಗಕ್ಕೆ ತಂತಿ ಸಿಕ್ಕಿಸಿ, ಚಾನೆಲ್ ತಿರುಗಿಸಿ ಚಿತ್ರ ಹಿಡಿಯಬೇಕಾಗಿತ್ತು. ಲೆಕ್ಕ ಮಾಡುವ ಕೆಲಸವೂ ಟ್ಯೂಬಿಗೆ ಚಿತ್ರ ಒಪ್ಪಿಸುವ ಕೆಲಸವೂ ಒಂದೇ ಸಂಸ್ಕಾರಕದ ಹೆಗಲ ಮೇಲಿದ್ದುದರಿಂದ, ನೀವು ಒಂದು ಕೀಲಿ ಒತ್ತಿದೊಡನೆ ಅದು ಚಿತ್ರವನ್ನು ಬಿಟ್ಟು ನಿಮ್ಮ ಕಡೆಗೆ ತಿರುಗುತ್ತಿತ್ತು. ಪರದೆ ಒಮ್ಮೆ ಕಣ್ಣು ಮಿಟುಕಿಸುತ್ತಿತ್ತು. ಪ್ರತಿ ಕೀಲಿಗೂ ಹೀಗೆಯೇ. ಕೊಂಡವರು ಯಂತ್ರ ಕೆಟ್ಟಿದೆಯೆಂದು ಭಾವಿಸಿದ್ದರೆ ತಪ್ಪೇನಿಲ್ಲ. ಮರುವರ್ಷ ಬಂದ ಝಡ್‌ಎಕ್ಸ್ 81ರಲ್ಲಿ ಎರಡು ನಡಿಗೆಗಳಿದ್ದವು. ನಿಧಾನದ ನಡಿಗೆಯಲ್ಲಿ ಚಿತ್ರ ನಿಲ್ಲುತ್ತಿತ್ತು, ಲೆಕ್ಕ ಸುಮಾರು ನಾಲ್ಕು ಪಟ್ಟು ತಡವಾಗುತ್ತಿತ್ತು. ವೇಗದ ನಡಿಗೆಯಲ್ಲಿ ಲೆಕ್ಕ ಮುಗಿಯುವವರೆಗೂ ಪರದೆ ಖಾಲಿ. ಮೆಮೊರಿ ಸಾಲದೆಂದು ಹಿಂಬದಿಗೆ ಸಿಕ್ಕಿಸುವ 16 ಕಿಲೋಬೈಟಿನ ಪೆಟ್ಟಿಗೆಯೊಂದು ದೊರೆಯುತ್ತಿತ್ತು. ಅದು ಒಂದಿಷ್ಟು ಅಲುಗಿದರೂ ಯಂತ್ರ ನಿಂತು ಅಷ್ಟು ಹೊತ್ತು ಬರೆದದ್ದೆಲ್ಲ ಮಾಯವಾಗುತ್ತಿತ್ತು. ಬ್ರಿಟಿಷ್ ಹುಡುಗರು ಅದನ್ನು ಅಂಟಿನ ಮೇಣದಿಂದ ಮೆತ್ತಿ ನಿಲ್ಲಿಸಿಕೊಂಡು ಕೆಲಸ ಸಾಗಿಸಿದರು. ಮನೆಗಣಕದ ಇತಿಹಾಸದಲ್ಲಿ ಇಂಥ ಮನೆಮದ್ದುಗಳಿಗೆ ದೊಡ್ಡ ಸ್ಥಾನವಿದೆ.

1982ರ ಏಪ್ರಿಲಿನಲ್ಲಿ ಅದೇ ಸಂಸ್ಥೆಯ ಸ್ಪೆಕ್ಟ್ರಮ್ ಬಂದಿತು. ಇದಕ್ಕೆ ಬಣ್ಣವಿತ್ತು. ಲೆಕ್ಕವನ್ನು ಗಮನಿಸಿ. ಅದರ ಪರದೆಯ ಮೇಲೆ ಸಾಲಿಗೆ 256ರಂತೆ 192 ಸಾಲು, ಅಂದರೆ 49,152 ಚುಕ್ಕಿಗಳು. ಚುಕ್ಕಿ ಬೆಳಗಿದೆಯೇ ಆರಿದೆಯೇ ಎಂಬಷ್ಟನ್ನು ಬರೆದಿಡಲು 6,144 ಬೈಟು ಸಾಕು. ಪ್ರತಿ ಚುಕ್ಕಿಗೂ ಹದಿನಾರರಲ್ಲಿ ತನ್ನದೇ ಒಂದು ಬಣ್ಣ ಕೊಡಹೊರಟರೆ 24,576 ಬೈಟು ಬೇಕು. ಅಗ್ಗದ ಮಾದರಿಯಲ್ಲಿ ಇದ್ದ ಒಟ್ಟು ಮೆಮೊರಿಯೇ 16 ಕಿಲೋಬೈಟ್! ಆದ್ದರಿಂದ ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಒಂದೊಂದು ಚೌಕಕ್ಕೆ ಒಟ್ಟಾಗಿ ಎರಡೇ ಬಣ್ಣವೆಂದು ಗೊತ್ತುಮಾಡಿದರು. ಇದಕ್ಕೆ ತಗುಲಿದ್ದು ಕೇವಲ 768 ಬೈಟು. ಉಳಿತಾಯವೇನೋ ಭರ್ಜರಿಯಾದದ್ದೇ. ಆದರೆ ಆಟದಲ್ಲಿ ಕೆಂಪು ಅಂಗಿಯ ಮನುಷ್ಯ ಹಸಿರು ಮರದ ಮುಂದೆ ಹಾದುಹೋದಾಗ ಮರವೂ ಕೆಂಪಾಗುತ್ತಿತ್ತು, ಇಲ್ಲವೇ ಮನುಷ್ಯನೇ ಹಸಿರಾಗುತ್ತಿದ್ದ. ಟಿ.ವಿ. ರಿಪೇರಿಯವನು ಬಂದರೂ ಇದನ್ನು ಸರಿಪಡಿಸಲಾರ. ಆಟ ಬರೆಯುವವರೇ ಉಪಾಯ ಹೂಡಿ ಇಡೀ ದೃಶ್ಯವನ್ನು ಒಂದೇ ಬಣ್ಣದಲ್ಲಿ ಚಿತ್ರಿಸಲಾರಂಭಿಸಿದರು.

ಬಣ್ಣದ ಗೋಜಲಿಗೆ ದೇಶಭೇದವೂ ಒಂದು ಕಾರಣ. ಅಮೆರಿಕದಲ್ಲಿ 1977ರಲ್ಲಿ ಬಂದ ಆಪಲ್ 2 ಗಣಕದಲ್ಲಿ ಸ್ಟೀವ್ ವಾಜ್ನಿಯಾಕ್ ಅವರು ಆ ದೇಶದ ಟಿ.ವಿ. ಪದ್ಧತಿಯ ಒಂದು ದೌರ್ಬಲ್ಯವನ್ನೇ ಬಳಸಿಕೊಂಡು, ಚುಕ್ಕಿಗಳನ್ನು ಒತ್ತೊತ್ತಾಗಿ ಜೋಡಿಸಿ ಟಿ.ವಿ.ಯನ್ನು ಮೋಸಗೊಳಿಸಿ ಬಣ್ಣ ಹೊರಡಿಸಿದ್ದರು. ಅದೇ ಯಂತ್ರ ಯೂರೋಪಿನ ಪಾಲ್ ಪದ್ಧತಿಯ ಟಿ.ವಿ.ಗಳಿಗೆ ಬಂದಾಗ ಮೋಸ ನಡೆಯಲಿಲ್ಲ. ಬೇರೊಂದು ಕಾರ್ಡು ಹಾಕದ ಹೊರತು ಕಪ್ಪುಬಿಳುಪೇ ಗತಿ. ನಮ್ಮ ದೂರದರ್ಶನವೂ ಪಾಲ್ ಪದ್ಧತಿಯದೇ. ಅದಕ್ಕೆ ಬಣ್ಣ ಬಂದದ್ದು 1982ರಲ್ಲಿ, ಏಷ್ಯನ್ ಕ್ರೀಡೆಗಳ ವರ್ಷ. ಆ ದಶಕದ ಉತ್ತರಾರ್ಧದಲ್ಲಿ ಸ್ಪೆಕ್ಟ್ರಮನ್ನು ನಮ್ಮ ದೇಶದಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಪರವಾನಗಿ ಪಡೆದು ಮಾರಿತು. ಆ ಹೊತ್ತಿಗೂ ನಮ್ಮ ಮನೆಗಳಲ್ಲಿ ಕಪ್ಪುಬಿಳುಪಿನ ಟಿ.ವಿ.ಗಳಿಗೆ ಕೊರತೆಯಿರಲಿಲ್ಲ. ಸ್ಪೆಕ್ಟ್ರಮಿನ ಬಣ್ಣಗಳನ್ನು ಬೆಳಕಿನ ಏರಿಕೆಯ ಕ್ರಮದಲ್ಲಿಯೇ ಜೋಡಿಸಿದ್ದರಿಂದ ಅಂಥ ಟಿ.ವಿ.ಯಲ್ಲಿ ಅವು ಬೂದಿಯ ಮೆಟ್ಟಿಲುಗಳಾಗಿ ಸರಿಯಾಗಿಯೇ ಕಾಣುತ್ತಿದ್ದವು. ಜಾಣತನವೆಂದರೆ ಇದು.

ಇಷ್ಟು ಆಟದ ಗಣಕಗಳ ಮಾತಾಯಿತು. ಕಚೇರಿಯಲ್ಲಿ ಹುಟ್ಟಿ ಮನೆಗೆ ಬಂದ ಗಣಕದ ವಂಶ ಬೇರೆ. 1981ರ ಆಗಸ್ಟಿನಲ್ಲಿ ಐ.ಬಿ.ಎಂ. ತನ್ನ ಪಿ.ಸಿ.ಯನ್ನು ಹೊರತಂದಾಗ ಪರದೆಗೆ ಎರಡು ಬಗೆಯ ಕಾರ್ಡುಗಳನ್ನಿಟ್ಟಿತು. ಒಂದು ಎಂ.ಡಿ.ಎ., ಅಕ್ಷರಗಳಿಗೆ ಮಾತ್ರ. ಹಸಿರು ಪರದೆ, ನಿಚ್ಚಳವಾದ ಬರಹ, ಆದರೆ ಚಿತ್ರವೆಂಬುದೇ ಇಲ್ಲ. ಇನ್ನೊಂದು ಸಿ.ಜಿ.ಎ., ಬಣ್ಣ ಮತ್ತು ಚಿತ್ರಗಳಿಗೆ. ಅದರಲ್ಲಿ ಅಕ್ಷರಗಳು ಒರಟೊರಟು. ಸಿ.ಜಿ.ಎ.ಗೆ ಹಿಮದ ಕಾಯಿಲೆಯಿತ್ತು. ಸಾಲಿಗೆ ಎಂಬತ್ತು ಅಕ್ಷರಗಳಿಟ್ಟು ವೇಗವಾಗಿ ಬರೆದರೆ ಪರದೆಯ ತುಂಬ ಬಿಳಿಯ ಚುಕ್ಕಿಗಳು ಉದುರುತ್ತಿದ್ದವು. ಇದರ ಕಾರಣ ನಮ್ಮಂಥ ಗುಮಾಸ್ತರಿಗೆ ಬೇಗ ಅರ್ಥವಾಗುವಂಥದು. ಒಂದೇ ಲೆಡ್ಜರು, ಇಬ್ಬರು ಗುಮಾಸ್ತರು. ಒಬ್ಬ ನಮೂದು ಬರೆಯುವವ, ಇನ್ನೊಬ್ಬ ಅದನ್ನು ಗಟ್ಟಿಯಾಗಿ ಓದಿ ಹೇಳುವವ. ಬರೆಯುವವ ಲೆಡ್ಜರನ್ನು ತನ್ನ ಕಡೆಗೆ ಎಳೆದುಕೊಂಡ ಕ್ಷಣದಲ್ಲಿ ಓದುವವನು ಬಾಯಿ ಮುಚ್ಚುವಂತಿಲ್ಲ. ಕಣ್ಣಿಗೆ ಬಿದ್ದದ್ದನ್ನೇ ಹೇಳಿಬಿಡುತ್ತಾನೆ. ಆ ಅಸಂಬದ್ಧವೇ ಹಿಮ. ಇಬ್ಬರೂ ಒಟ್ಟಿಗೆ ನೋಡಬಲ್ಲ ಮೆಮೊರಿ ಆಗಲೂ ಇತ್ತು, ಆದರೆ ಬೆಲೆ ಹೆಚ್ಚು. ತಂತ್ರಾಂಶ ಬರೆಯುವವರು ಕಂಡುಕೊಂಡ ಪರಿಹಾರ ತಾಳ್ಮೆಯದು: ಟ್ಯೂಬಿನ ಕಿರಣ ಒಂದು ಸಾಲು ಮುಗಿಸಿ ಮುಂದಿನ ಸಾಲಿನ ಮೊದಲಿಗೆ ಹಿಂದಿರುಗುವ ಆ ಅತ್ಯಲ್ಪ ಬಿಡುವಿನಲ್ಲಿ ಮಾತ್ರ ಬರೆಯುವುದು. ಹಿಮ ನಿಂತಿತು, ವೇಗವೂ ಕುಂದಿತು.

ನಮ್ಮ ಕತೆಗೆ ಮುಖ್ಯವಾದದ್ದು ಹಿಮವಿಲ್ಲದ ಎಂ.ಡಿ.ಎ. ಕಾರ್ಡು. ಅದರ ಪರದೆಯಲ್ಲಿ 25 ಸಾಲು, ಸಾಲಿಗೆ 80 ಮನೆಗಳು. ಪ್ರತಿ ಮನೆಯೂ ಒಂಬತ್ತು ಚುಕ್ಕಿ ಅಗಲ, ಹದಿನಾಲ್ಕು ಚುಕ್ಕಿ ಎತ್ತರ. ಆ ಮನೆಗಳಲ್ಲಿ ವಾಸಿಸಬಲ್ಲ ಅಕ್ಷರಗಳು 256 ಮಾತ್ರ. ಅವನ್ನು ಕಾರ್ಖಾನೆಯಲ್ಲಿಯೇ ಒಂದು ಚಿಪ್ಪಿನಲ್ಲಿ ಕೆತ್ತಿಬಿಟ್ಟಿದ್ದರು. ಇಂಗ್ಲಿಷಿಗೆ ಇದು ಅರಮನೆ. ಕನ್ನಡಕ್ಕೆ? ಮೂವತ್ತನಾಲ್ಕು ವ್ಯಂಜನಗಳ ಬಳ್ಳಿ ಬರೆದರೇ ನಾನೂರು ದಾಟುತ್ತದೆ. ಒತ್ತಕ್ಷರಗಳ ಲೆಕ್ಕ ಇನ್ನೂ ಬಾಕಿ. "ಸ್ತ್ರೀ" ಎಂಬ ಒಂದು ಅಕ್ಷರವನ್ನು ಒಂಬತ್ತು ಚುಕ್ಕಿಯ ಅಗಲದಲ್ಲಿ ಕೂರಿಸಲು ಹೋದವರು ಅದನ್ನು ಗುರುತಿಸುವ ಭಾರವನ್ನೂ ಓದುಗನ ಮೇಲೆಯೇ ಹೊರಿಸಬೇಕಾಗುತ್ತಿತ್ತು. ಬೆರಳಚ್ಚು ಯಂತ್ರದ ಕಾಲದಲ್ಲಿಯೂ ಇದೇ ಬಗೆಯ ಇಕ್ಕಟ್ಟು ಬಂದು, ಯಂತ್ರಕ್ಕೆ ತಕ್ಕಂತೆ ಲಿಪಿಯನ್ನೇ ಸುಧಾರಿಸಬೇಕೆಂಬ ವಾದಗಳು ಎದ್ದದ್ದುಂಟು. ಕಾಲಿಗೆ ತಕ್ಕ ಚಪ್ಪಲಿ ಹೊಲಿಯುವ ಬದಲು ಚಪ್ಪಲಿಗೆ ತಕ್ಕಂತೆ ಕಾಲು ಕತ್ತರಿಸುವ ಸಲಹೆ ಅದು.

ಚಪ್ಪಲಿಯನ್ನೇ ಬದಲಿಸಿದವರು ಥಾಯ್ಲೆಂಡಿನವರೊಬ್ಬರು. ವಾನ್ ಸುವನ್ನುಕುಲ್ ಎಂಬ ಈ ಎಂಜಿನಿಯರಿಗೆ ತಮ್ಮ ಪಿಎಚ್.ಡಿ. ಪ್ರಬಂಧವನ್ನು ಐ.ಬಿ.ಎಂ. ಪಿ.ಸಿ.ಯಲ್ಲಿ ಥಾಯ್ ಲಿಪಿಯಲ್ಲಿ ಬರೆಯಬೇಕಾಗಿತ್ತು. ಥಾಯ್ ಲಿಪಿಯಲ್ಲಿಯೂ ವ್ಯಂಜನದ ಮೇಲೆ ಕೆಳಗೆ ಸ್ವರಚಿಹ್ನೆಗಳು ಕುಳಿತುಕೊಳ್ಳುತ್ತವೆ. ಅದರ ಮೂಲ ಖ್ಮೇರ್ ಲಿಪಿ, ಅದರ ಮೂಲ ದಕ್ಷಿಣ ಭಾರತದ ಪಲ್ಲವ ಲಿಪಿ. ಹೀಗಾಗಿ ಲಿಪಿಗಳ ವಂಶವೃಕ್ಷದಲ್ಲಿ ಅದು ನಮಗೆ ದೂರದ ದಾಯಾದಿಯೇ. ಎಂ.ಡಿ.ಎ.ಯಲ್ಲಿ ಚಿತ್ರವಿಲ್ಲ, ಸಿ.ಜಿ.ಎ.ಯಲ್ಲಿ ನಿಚ್ಚಳವಿಲ್ಲ. ಆದ್ದರಿಂದ ಅವರು 1982ರಲ್ಲಿ ತಾವೇ ಒಂದು ಕಾರ್ಡನ್ನು ರೂಪಿಸಿದರು. ಅದೇ ಹರ್ಕ್ಯುಲಿಸ್ ಕಾರ್ಡು. ಎಂ.ಡಿ.ಎ.ಯ ಮಾನಿಟರಿನ ಮೇಲೆಯೇ ಸಾಲಿಗೆ 720ರಂತೆ 348 ಸಾಲು ಚುಕ್ಕಿಗಳನ್ನು ಒಂದೊಂದಾಗಿ ಬೆಳಗಿಸುವ ಸ್ವಾತಂತ್ರ್ಯ ದೊರೆಯಿತು. ಅಕ್ಷರವೂ ಒಂದು ಚಿತ್ರವೆಂದಾದ ಮೇಲೆ ಅದು ಯಾವ ಮನೆಯಲ್ಲಿ ಹಿಡಿಸುತ್ತದೆಂಬ ಪ್ರಶ್ನೆ ಉಳಿಯಲಿಲ್ಲ. 1983ರಲ್ಲಿ ಬಂದ ಲೋಟಸ್ 1-2-3 ಎಂಬ ಲೆಕ್ಕದ ತಂತ್ರಾಂಶ ಈ ಕಾರ್ಡನ್ನು ಬಳಸಿಕೊಂಡುದರಿಂದ ಅದು ಲೋಕಪ್ರಸಿದ್ಧವಾಯಿತು. ಅದರ ಮೂಲದಲ್ಲಿ ಲಾಭದ ಲೆಕ್ಕಕ್ಕಿಂತ ಮೊದಲು ಒಬ್ಬ ವಿದ್ಯಾರ್ಥಿಯ ತಾಯಿನುಡಿ ಇತ್ತೆಂಬುದು ನಮಗೆ ಬಹಳ ಮೆಚ್ಚುಗೆಯಾದ ಸಂಗತಿ.

ಹರ್ಕ್ಯುಲಿಸಿನ ಅಗ್ಗದ ನಕಲುಗಳು ನಮ್ಮ ದೇಶದ ಪಿ.ಸಿ.ಗಳಲ್ಲಿ ತೊಂಬತ್ತರ ದಶಕದ ಮೊದಲವರೆಗೂ ಧಾರಾಳವಾಗಿದ್ದವು. ಅದಕ್ಕೂ ತನ್ನದೇ ತೊಂದರೆಗಳಿದ್ದವು. ಸಿ.ಜಿ.ಎ.ಗೆಂದು ಬರೆದ ಆಟಗಳು ಅದರ ಮೇಲೆ ಕಾಣುತ್ತಿರಲಿಲ್ಲ. ಮೊದಲು ಸಿಮ್‌ಸಿಜಿಎ ಎಂಬ ಸಣ್ಣ ತಂತ್ರಾಂಶವನ್ನು ಓಡಿಸಿ, ಅನಂತರ ಆಟ ತೆರೆಯಬೇಕಾಗಿತ್ತು. ಕಾರ್ಡಿನ ನಿಯಂತ್ರಕ ಚಿಪ್ಪಿಗೆ ತಪ್ಪು ಸಂಖ್ಯೆಗಳು ಹೋದರೆ ಮಾನಿಟರು ಕೀರಲು ದನಿ ಎಬ್ಬಿಸುತ್ತಿತ್ತು. ಆಗ ಪ್ರಯೋಗ ಮುಂದುವರಿಸದೆ ಸ್ವಿಚ್ಚು ಆರಿಸುವುದೇ ವಿವೇಕ. ಇಲ್ಲವಾದರೆ ಮಾನಿಟರೇ ಸುಟ್ಟುಹೋಗುವ ಸಂಭವವಿತ್ತು.

ಇತ್ತ ಕಾನ್ಪುರದ ಐ.ಐ.ಟಿ.ಯಲ್ಲಿ ಭಾರತೀಯ ಲಿಪಿಗಳ ಕೆಲಸ ನಡೆದಿತ್ತು. ಅದರ ಫಲವಾದ ಜಿಸ್ಟ್ ತಂತ್ರಜ್ಞಾನ, 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆಯಿತು. ಜಿಸ್ಟ್ ಕಾರ್ಡನ್ನು ಪಿ.ಸಿ.ಯೊಳಗೆ ಸಿಕ್ಕಿಸಿದರೆ ಇಂಗ್ಲಿಷಿಗೆಂದೇ ಬರೆದ ಡಾಸ್ ತಂತ್ರಾಂಶಗಳಲ್ಲಿಯೂ ಕನ್ನಡ, ಹಿಂದಿ, ತಮಿಳುಗಳು ಪರದೆಗೆ ಬರುತ್ತಿದ್ದವು. ತಂತ್ರಾಂಶಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ. ಅದು ಸಂಕೇತಗಳನ್ನು ಕೊಡುತ್ತಿತ್ತು, ಕಾರ್ಡು ಅವನ್ನು ಕೂಡಿಸಿ ಒತ್ತು ಕೊಂಬು ದೀರ್ಘಗಳ ಸಮೇತ ಚಿತ್ರವಾಗಿ ಬರೆಯುತ್ತಿತ್ತು. ಸಂಕೇತಗಳ ಕ್ರಮವನ್ನು ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಇಸ್ಕಿ ಎಂಬ ಹೆಸರಿನಲ್ಲಿ ಸ್ಥಿರಪಡಿಸಿತು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳಿಗೆಲ್ಲ ಒಂದೇ ಕ್ರಮ: ಹಿಂದಿಯ ಕ, ಕನ್ನಡದ ಕ, ಬಂಗಾಳಿಯ ಕ, ಎಲ್ಲಕ್ಕೂ ಒಂದೇ ಸಂಖ್ಯೆ. ಕೇಂದ್ರ ಸರ್ಕಾರದ ಕಚೇರಿಗಳಿಗೆ ಈ ಕಾರ್ಡು ಬಂದದ್ದು ರಾಜಭಾಷೆಯ ಕೆಲಸಕ್ಕಾಗಿ. ಆದರೆ ಅದರ ಹೊಟ್ಟೆಯಲ್ಲಿ ಕನ್ನಡವೂ ಇತ್ತು.

ಅತ್ತ ಐ.ಬಿ.ಎಂ. 1987ರಲ್ಲಿ ವಿ.ಜಿ.ಎ. ಪದ್ಧತಿಯನ್ನು ತಂದಿತು: 640ಕ್ಕೆ 480 ಚುಕ್ಕಿ, ಹದಿನಾರು ಬಣ್ಣ. ಮುಂದೆ ಎಷ್ಟೋ ಕಂಪನಿಗಳ ಎಷ್ಟೋ ಬಗೆಯ ಕಾರ್ಡುಗಳು ಬಂದವು, ಪ್ರತಿಯೊಂದಕ್ಕೂ ಡ್ರೈವರ್ ಎಂಬ ದುಭಾಷಿ ಬೇಕಾಯಿತು. ದುಭಾಷಿ ತಪ್ಪಿದರೆ ಪರದೆ ಕಪ್ಪು, ಇಲ್ಲವೇ ಪಟ್ಟೆಪಟ್ಟೆ. ಆದರೆ ಎಲ್ಲ ಕಾರ್ಡುಗಳಿಗೂ ಹುಟ್ಟಿನಿಂದ ಬರುತ್ತಿದ್ದ ಒಂದು ಭಾಷೆಯೆಂದರೆ ವಿ.ಜಿ.ಎ. ವಿಂಡೋಸ್ 95ರಲ್ಲಿ ಬಂದ ಸೇಫ್ ಮೋಡಿನ ಗುಟ್ಟು ಇದೇ. ಯಂತ್ರವನ್ನು ಸೇಫ್ ಮೋಡಿನಲ್ಲಿ ತೆರೆದಾಗ ಅಕ್ಷರಗಳು ದಪ್ಪದಪ್ಪಗೆ, ಬಣ್ಣಗಳು ಬಡವಾಗಿ ಕಂಡರೆ ಗಾಬರಿಯಾಗುವ ಕಾರಣವಿರಲಿಲ್ಲ. ಯಂತ್ರ ದುಭಾಷಿಯನ್ನು ಬಿಟ್ಟು 1987ರ ಭಾಷೆಯಲ್ಲಿ ಮಾತನಾಡುತ್ತಿತ್ತು. ಅಲ್ಲಿ ಚಿತ್ರ ಸರಿಯಿದ್ದರೆ ಕಾರ್ಡೂ ಕೇಬಲ್ಲೂ ಸರಿ, ಡ್ರೈವರನ್ನು ತೆಗೆದು ಮತ್ತೆ ಹಾಕಿದರೆ ಸಾಕು. ಅಲ್ಲಿಯೂ ಕೆಟ್ಟಿದ್ದರೆ ಮಾತ್ರ ಪೆಟ್ಟಿಗೆ ಬಿಚ್ಚುವ ಮಾತು. ಇಂದಿನ ಯಂತ್ರಗಳಲ್ಲಿ ಚುಕ್ಕಿಗಳ ಸಂಖ್ಯೆ ಎಷ್ಟೋ ಹೆಚ್ಚಿದ್ದರೂ ಈ ಪರೀಕ್ಷೆಯ ತರ್ಕ ಬದಲಾಗಿಲ್ಲ.

ವಿ.ಜಿ.ಎ. ಕೇಬಲ್ಲಿನ ಹದಿನೈದು ಪಿನ್ನುಗಳಲ್ಲಿ ಕೆಂಪು, ಹಸಿರು, ನೀಲಿಗಳಿಗೆ ಬೇರೆಬೇರೆ ತಂತಿಗಳಿವೆ. ನೀಲಿಯ ಪಿನ್ನು ಬಾಗಿದರೆ ಬಿಳಿ ಹಳದಿಯಾಗುತ್ತದೆ, ಹಸಿರಿನದು ಹೋದರೆ ನೇರಳೆಯಾಗುತ್ತದೆ. ಗಾಜಿನ ಮಾನಿಟರುಗಳ ಕಾಲದಲ್ಲಿ ಪಕ್ಕದಲ್ಲಿ ಸ್ಪೀಕರಿಟ್ಟರೆ ಅದರ ಅಯಸ್ಕಾಂತದಿಂದ ಮೂಲೆಯಲ್ಲಿ ಬಣ್ಣದ ಮಚ್ಚೆ ಬೀಳುತ್ತಿತ್ತು. ಅದು ಆ ಟ್ಯೂಬುಗಳೊಡನೆಯೇ ಹೋಯಿತು. ಸ್ವಿಚ್ಚು ಹಾಕಿದಾಗ ಒಂದು ಉದ್ದನೆಯ, ಎರಡು ಗಿಡ್ಡ ಸಿಳ್ಳು ಕೇಳಿದರೆ ಐ.ಬಿ.ಎಂ. ಸಂಪ್ರದಾಯದಲ್ಲಿ ಪರದೆಯ ಕಾರ್ಡು ಕೆಟ್ಟಿದೆಯೆಂದು ಅರ್ಥ. ಮುಂಬಯಿ, ಚೆನ್ನೈಗಳ ಕಡಲ ಗಾಳಿಯಲ್ಲಿ ಕಾರ್ಡಿನ ಅಂಚಿಗೆ ಕಿಲುಬು ಹಿಡಿಯುವುದು ಸಾಮಾನ್ಯ. ವಿದ್ಯುತ್ತಿನ ಸಂಪರ್ಕ ತೆಗೆದು, ಕಾರ್ಡನ್ನು ಹೊರಗೆಳೆದು, ಆ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಯಂತ್ರಕ್ಕೆ ಜೀವ ಬರುತ್ತದೆ.

ಈಗ ಮತ್ತೆ ಅಕ್ಷರಕ್ಕೆ ಬರೋಣ. ವಿಂಡೋಸ್ ಬಂದ ಮೇಲೆ ಎಲ್ಲ ಅಕ್ಷರವೂ ಚಿತ್ರವೇ ಆಯಿತು. ಜಿಸ್ಟ್ ಕಾರ್ಡಿನ ಅಗತ್ಯ ತಪ್ಪಿತು. ಆದರೆ ಸಂಕೇತದ ಶಿಸ್ತೂ ಅದರೊಡನೆಯೇ ತಪ್ಪಿತು. ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗಿದ್ದ ಇನ್ನೂರೈವತ್ತು ಚಿಲ್ಲರೆ ಸ್ಥಾನಗಳಲ್ಲಿಯೇ ಕನ್ನಡದ ತುಂಡುಗಳನ್ನು, ತಲಕಟ್ಟು ಬೇರೆ ಒತ್ತು ಬೇರೆಯಾಗಿ, ಪ್ರತಿ ಸಂಸ್ಥೆಯೂ ತನಗೆ ತೋಚಿದಂತೆ ತುಂಬಿತು. ಒಬ್ಬರ ಫಾಂಟಿನಲ್ಲಿ ಬರೆದದ್ದು ಆ ಫಾಂಟಿಲ್ಲದ ಮನೆಯಲ್ಲಿ ತಲೆಯ ಮೇಲೆ ಟೊಪ್ಪಿಗೆ ಹೊತ್ತ ರೋಮನ್ ಅಕ್ಷರಗಳ ಸಂತೆಯಾಗುತ್ತಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂದಿತು. ಅನಂತರ ಕರ್ನಾಟಕ ಸರ್ಕಾರದ ಪರವಾಗಿ ಕನ್ನಡ ಗಣಕ ಪರಿಷತ್ತು ನುಡಿಯನ್ನು ತಂದಿತು. ಕೆ.ಪಿ. ರಾವ್ ಅವರ ಕೀಲಿಮಣೆಯ ಕ್ರಮದಿಂದ ಬೆರಳಿಗೆ ಕನ್ನಡ ಸಲೀಸಾಯಿತು. ಹೊರನಾಡಿನ ಮನೆಗಳಲ್ಲಿ ಕನ್ನಡ ಬೆರಳಚ್ಚು ಹರಡಿದ್ದು ಇವರೆಲ್ಲರ ಋಣ. ಆದರೂ ಫಾಂಟು ಕೂಡ ಬರದ ಹೊರತು ಕಾಗದ ಓದಲಾಗದೆಂಬ ಕಷ್ಟ ಉಳಿದೇ ಇತ್ತು.

ಇದನ್ನು ತಪ್ಪಿಸಿದ್ದು ಯೂನಿಕೋಡ್. ಅದರ ಮೊದಲ ಆವೃತ್ತಿ 1991ರದು; ಕನ್ನಡದ ಪಟ್ಟಿಯನ್ನು ಇಸ್ಕಿಯ ಕ್ರಮದ ಮೇಲೆಯೇ ಕಟ್ಟಿದರು. ಇದರಲ್ಲಿ ಉಳಿಯುವುದು ಅಕ್ಷರದ ಚಿತ್ರವಲ್ಲ, ಅದರ ವ್ಯಾಕರಣ: ಕಕಾರ, ವಿರಾಮ, ಷಕಾರ. ಇವನ್ನು ಕೂಡಿಸಿ "ಕ್ಷ" ಎಂದು ಬರೆಯುವ ಹೊಣೆ ಯಂತ್ರದ್ದು. ಮನೆಗಳಲ್ಲಿ ಹೆಚ್ಚಾಗಿದ್ದ ವಿಂಡೋಸಿಗೆ ಈ ವಿದ್ಯೆ ಕನ್ನಡದ ಮಟ್ಟಿಗೆ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ, ತುಂಗಾ ಎಂಬ ಫಾಂಟಿನೊಡನೆ. ಆಗಲೂ ಅದು ತಾನಾಗಿ ಕೆಲಸ ಮಾಡುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲಿಗೆ ಹೋಗಿ, ಸಂಕೀರ್ಣ ಲಿಪಿಗಳ ಆಯ್ಕೆಗೆ ಗುರುತು ಹಾಕಿ, ವಿಂಡೋಸಿನ ಸಿ.ಡಿ.ಯನ್ನು ಒಳಗಿಡಬೇಕಾಗಿತ್ತು. ಅಂಗಡಿಯವನು ಜೋಡಿಸಿಕೊಟ್ಟ ಯಂತ್ರದೊಡನೆ ಆ ಸಿ.ಡಿ. ಎಷ್ಟು ಮನೆಗಳಿಗೆ ಬಂದಿತ್ತೆಂಬುದನ್ನು ಓದುಗರೇ ಊಹಿಸಬಹುದು! ಕನ್ನಡ ಕಂಪ್ಯೂಟರಿಗೆ ಬರುವುದಿಲ್ಲವೆಂಬ ಮಾತಿಗೆ ಎಷ್ಟೋ ಮನೆಗಳಲ್ಲಿ ಇದ್ದ ಆಧಾರ ಈ ಬಾರದ ಸಿ.ಡಿ.

ಆದ್ದರಿಂದ ಕನ್ನಡ ಕೆಟ್ಟು ಕಂಡಾಗ ಮೊದಲು ಅದು ಯಾವ ಬಗೆಯಲ್ಲಿ ಕೆಟ್ಟಿದೆಯೆಂದು ನೋಡಬೇಕು. ಚೌಕಗಳು ಕಂಡರೆ ಕಾಗದ ಕ್ಷೇಮವಾಗಿದೆ, ಫಾಂಟು ಮಾತ್ರ ಇಲ್ಲ. ಈ ಚೌಕಗಳನ್ನು ಸೋಯಾ ಪನ್ನೀರಿನ ತುಂಡುಗಳಿಗೆ ಹೋಲಿಸಿ ತೋಫು ಎನ್ನುವ ರೂಢಿಯಿದೆ. ತೋಫು ಬೇಡವೆಂಬ ಅರ್ಥದಲ್ಲಿಯೇ ಗೂಗಲ್ ತನ್ನ ಫಾಂಟುಗಳಿಗೆ ನೋಟೋ ಎಂದು ಹೆಸರಿಟ್ಟಿತು. ಅದರಲ್ಲಿ ಕನ್ನಡದ್ದೂ ಇದೆ, ಬೆಲೆಯಿಲ್ಲದೆ ದೊರೆಯುತ್ತದೆ. ಟೊಪ್ಪಿಗೆ ಹೊತ್ತ ರೋಮನ್ ಅಕ್ಷರಗಳು ಕಂಡರೆ ಅದು ಹಳೆಯ ಫಾಂಟಿನ ಬರಹ. ಪರಿವರ್ತಕ ತಂತ್ರಾಂಶಗಳಿಂದ ಯೂನಿಕೋಡಿಗೆ ತರಬಹುದು. ಅಕ್ಷರಗಳೇನೋ ಇದ್ದು ಒತ್ತುಗಳು ಕೆಳಗಿಳಿಯದೆ ಸಾಲಿನಲ್ಲಿಯೇ ನಿಂತಿದ್ದರೆ ಕೂಡಿಸುವ ವಿದ್ಯೆ ಕೈಕೊಟ್ಟಿದೆ. ನಗರದ ಮುದ್ರಕರು ಅಚ್ಚುಮಾಡಿಕೊಡುವ ಬ್ಯಾನರುಗಳಲ್ಲಿ "ರಾಜ್ಯೋತ್ಸವ" ಎಂಬುದು "ರಾಜ್‌ಯೋತ್‌ಸವ" ಆಗುವುದು ಹೀಗೆಯೇ. ವಿನ್ಯಾಸದ ತಂತ್ರಾಂಶದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಇರುತ್ತದೆ. ಕನ್ನಡ ಬಾರದ ಮುದ್ರಕನಿಗೆ ಅದನ್ನು ಹೊಂದಿಸಬೇಕೆಂದು ಹೊಳೆಯುವುದಿಲ್ಲ, ಹೊಂದಿಸದಿದ್ದರೆ ತಪ್ಪು ಅವನ ಕಣ್ಣಿಗೆ ಕಾಣುವುದೂ ಇಲ್ಲ. ನಾವೇ ಪಕ್ಕದಲ್ಲಿ ನಿಂತು ಹೇಳಬೇಕು. "ರ‍್ಯಾಂಕ್" ಎಂದು ಬರೆದದ್ದು "ರ್ಯಾಂಕ್" ಎಂದು ಕಂಡರೆ, ರಕಾರ ಅರ್ಕಾವತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತವೊಂದು ದಾರಿಯಲ್ಲಿ ಬಿದ್ದುಹೋಗಿದೆ.

ಇವೆಲ್ಲಕ್ಕೂ ಮದ್ದುಂಟು. ಮದ್ದಿಲ್ಲದ್ದು ಒಂದೇ. ನಡುವಿನ ಯಾವುದೋ ಯಂತ್ರ ತನಗೆ ಗೊತ್ತಿಲ್ಲದ ಪ್ರತಿ ಅಕ್ಷರವನ್ನೂ ಅಳಿಸಿ ಅದರ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟು ಮುಂದೆ ಕಳಿಸಿರುತ್ತದೆ. ಅಲ್ಲಿ ಮೂಲ ಸಂಕೇತವೇ ಉಳಿದಿರುವುದಿಲ್ಲ; ಯಾವ ಫಾಂಟು ಹಾಕಿದರೂ ಪ್ರಶ್ನೆ ಪ್ರಶ್ನೆಯಾಗಿಯೇ ಇರುತ್ತದೆ. ಅಂಥ ಕಾಗದ ಬಂದರೆ ಊರಿಗೆ ಫೋನು ಮಾಡಿ, ಮತ್ತೊಮ್ಮೆ ಕಳಿಸಿರೆಂದು ಕೇಳಬೇಕು. ಸಾಧ್ಯವಾದರೆ ಬೇರೆ ಯಂತ್ರದಿಂದ.